ಮಗು ನಕ್ಕಿತು, ಫೋಟೋ ಕೆಟ್ಟಿತು: 48ನೇ ವಯಸ್ಸಿಗೆ ಕ್ಯಾಮೆರಾ ಹಿಡಿದ ಜೂಲಿಯಾ ಕಥೆ

ಕೃಷ್ಣ ಜನ್ಮಾಷ್ಟಮಿ ಬಂತೆಂದರೆ ಚಂದಾಪುರ, ಹೆಬ್ಬಗೋಡಿ, ಅತ್ತಿಬೆಲೆಯಿಂದ ಹಿಡಿದು ಆ ಕಡೆ ಪೀಣ್ಯ, ದಾಸರಹಳ್ಳಿವರೆಗೆ ಸ್ಟುಡಿಯೋಗಳಲ್ಲಿ ಒಂದೇ ದೃಶ್ಯ. ತಲೆಗೆ ನವಿಲುಗರಿ, ಕೈಗೆ ಕೊಳಲು, ಸೊಂಟಕ್ಕೆ ಜರಿ ಪಂಚೆ. ಒಂದೂವರೆ ವರ್ಷದ ಕೃಷ್ಣ ಮಾತ್ರ ಬಾಯಿ ತೆರೆದು ಅಳುತ್ತಿರುತ್ತಾನೆ. ಅಮ್ಮ ಗಿಲಕಿ ಆಡಿಸುತ್ತಾಳೆ, ಅಪ್ಪ ಮೊಬೈಲಿನಲ್ಲಿ ಹಾಡು ಹಾಕುತ್ತಾನೆ, ಸ್ಟುಡಿಯೋದವರು ಇಲ್ನೋಡು ಪುಟ್ಟಾ ಅಂತ ಕೂಗಿ ಕೂಗಿ ಗಂಟಲು ಒಣಗಿಸಿಕೊಳ್ಳುತ್ತಾರೆ. ಕೊನೆಗೆ ಹೇಗೋ ಒಂದು ಫೋಟೋ ಸಿಗುತ್ತದೆ. ಸಂಜೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಸಾಲಾಗಿ ಹೃದಯದ ಗುರುತು, ಸೂಪರ್, ಕ್ಯೂಟ್. ಮಗುವಿನ ಕಣ್ಣಿಗೆ ಬೆಳಕೇ ಬಿದ್ದಿಲ್ಲ ಎಂದು ಒಬ್ಬರೂ ಹೇಳುವುದಿಲ್ಲ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂಬ ಭಯ.

ನೂರ ಅರವತ್ತು ವರ್ಷಗಳ ಹಿಂದೆ ಕೋಲ್ಕತ್ತದಲ್ಲಿ ಹುಟ್ಟಿದ ಒಬ್ಬ ಹೆಂಗಸಿಗೂ ಇದೇ ಪಾಡು ಬಂದಿತ್ತು. ಮಕ್ಕಳು ಅಲುಗಾಡುತ್ತಿದ್ದರು, ಫೋಟೋ ಕೆಡುತ್ತಿತ್ತು. ಆದರೆ ಆಕೆ ಕೆಟ್ಟ ಪ್ರಿಂಟನ್ನೂ ಬಚ್ಚಿಡಲಿಲ್ಲ. ತಿಳಿದವರಿಗೆ ಕಳಿಸಿ ತಪ್ಪು ಹೇಳಿಸಿಕೊಂಡರು. ಕೆಲವರು ತಿದ್ದಲು ಹೇಳಿದರು, ಕೆಲವರು ಚುಚ್ಚಲು ಹೇಳಿದರು. ಎರಡನ್ನೂ ಕೇಳಿಸಿಕೊಂಡು, ಬೇಕಾದ್ದನ್ನು ಇಟ್ಟುಕೊಂಡು, ಬೇಡದ್ದನ್ನು ಬಿಟ್ಟ ಆಕೆಯ ಹೆಸರು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಹೆಸರಿನಲ್ಲೇ ಕ್ಯಾಮೆರಾ ಇರುವುದು ಕಾಕತಾಳೀಯ, ಅದು ಗಂಡನ ಮನೆತನದ ಹೆಸರು.

ಕೋಲ್ಕತ್ತದ ಹುಡುಗಿ

ಜೂಲಿಯಾ ಹುಟ್ಟಿದ್ದು 1815ರ ಜೂನ್ 11ರಂದು. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, ತಾಯಿ ಫ್ರೆಂಚ್ ಮೂಲದವರು. ಮನೆ ತುಂಬಾ ಹೆಣ್ಣುಮಕ್ಕಳು. ಅಕ್ಕತಂಗಿಯರೆಲ್ಲ ರೂಪಕ್ಕೆ ಹೆಸರಾದವರು, ಜೂಲಿಯಾ ಒಬ್ಬರೇ ಸಾಧಾರಣ ರೂಪದವರು ಎಂದು ಆ ಕಾಲದವರು ಆಡಿಕೊಳ್ಳುತ್ತಿದ್ದರು. ಮುಂದೆ ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೂ ಈ ಅಕ್ಕತಂಗಿಯರು ಸೇರಿದರೆ ತಮ್ಮತಮ್ಮಲ್ಲಿ ಹಿಂದೂಸ್ತಾನಿ ಮಾತಾಡುತ್ತಿದ್ದರು. ಇಂಡಿಯಾದ ಶಾಲು ಹೊದ್ದು ಓಡಾಡುತ್ತಿದ್ದರು.

ಇಪ್ಪತ್ತರ ಹರೆಯದಲ್ಲಿ ಕಾಯಿಲೆ ಬಿದ್ದು ಚೇತರಿಸಿಕೊಳ್ಳಲು ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೋದರು. ಅಲ್ಲಿ ಇಬ್ಬರ ಪರಿಚಯವಾಯಿತು. ಒಬ್ಬರು ನಕ್ಷತ್ರಗಳ ಲೆಕ್ಕ ಮಾಡುತ್ತಿದ್ದ ವಿಜ್ಞಾನಿ ಜಾನ್ ಹರ್ಷೆಲ್. ಹಳೇ ಸ್ಟುಡಿಯೋದವರಿಗೆ ಗೊತ್ತಿರುವ ಹೈಪೋ ಇದೆಯಲ್ಲ, ಫೋಟೋ ಮಾಸದಂತೆ ಗಟ್ಟಿ ನಿಲ್ಲಿಸುವ ರಾಸಾಯನಿಕ, ಅದರ ಗುಣ ಕಂಡುಹಿಡಿದವರು ಇವರೇ. ನೆಗೆಟಿವ್, ಪಾಸಿಟಿವ್ ಎಂಬ ಮಾತುಗಳನ್ನು ಫೋಟೋಗೆ ಹಚ್ಚಿದವರೂ ಇವರೇ. ಫೋಟೋ ಎಂಬುದು ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಅವರು ಕೋಲ್ಕತ್ತಕ್ಕೆ ಜೂಲಿಯಾಗೆ ಒಂದಷ್ಟು ನಮೂನೆ ಕಳಿಸಿಕೊಟ್ಟಿದ್ದರು.

ಇನ್ನೊಬ್ಬರು ಚಾರ್ಲ್ಸ್ ಹೇ ಕ್ಯಾಮೆರಾನ್. ಜೂಲಿಯಾಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೆಕಾಲೆ ಜೊತೆ ಇಂಡಿಯಾದ ಕಾನೂನು ಆಯೋಗದಲ್ಲಿ ಕೂತು ದಂಡ ಸಂಹಿತೆಯ ಕರಡಿಗೆ ಕೈ ಹಾಕಿದವರು. ಮೋಸಗಾರನನ್ನು 420 ಎಂದು ಬೈಯುತ್ತೇವಲ್ಲ, ಆ ಐಪಿಸಿ. 1860ರಲ್ಲಿ ಕಾಯಿದೆಯಾಗಿ, 2024ರ ಜುಲೈ 1ರವರೆಗೂ ನಮ್ಮ ಠಾಣೆಗಳಲ್ಲಿ ನಡೆದದ್ದು ಅದೇ. 1838ರಲ್ಲಿ ಕೋಲ್ಕತ್ತದಲ್ಲಿ ಇವರಿಬ್ಬರ ಮದುವೆಯಾಯಿತು. ಹತ್ತು ವರ್ಷದ ಮೇಲೆ ಚಾರ್ಲ್ಸ್ ನಿವೃತ್ತರಾದರು, ಸಂಸಾರ ಇಂಗ್ಲೆಂಡಿಗೆ ಹೊರಟಿತು. 1860ರಲ್ಲಿ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಊರಿನಲ್ಲಿ ಮನೆ ಮಾಡಿದರು. ಪಕ್ಕದಲ್ಲೇ ಕವಿ ಟೆನಿಸನ್ ಮನೆ. ಚಾರ್ಲ್ಸ್‌ಗೆ ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಕಾಫಿ ತೋಟಗಳಿದ್ದವು. ಅಲ್ಲಿನ ಡಿಂಬೂಲಾ ಹೆಸರನ್ನೇ ಮನೆಗೂ ಇಟ್ಟರು.

ಕೋಳಿಗೂಡೇ ಸ್ಟುಡಿಯೋ

1863ರ ಡಿಸೆಂಬರ್. ಗಂಡ ತೋಟ ನೋಡಲು ಸಿಲೋನಿಗೆ ಹೋಗಿದ್ದರು. ಹುಡುಗರು ಓದು, ಕೆಲಸ ಎಂದು ಚದುರಿದ್ದರು, ಮಗಳಿಗೆ ಮದುವೆಯಾಗಿತ್ತು. ದೊಡ್ಡ ಮನೆಯಲ್ಲಿ ಅಮ್ಮನಿಗೆ ಹೊತ್ತು ಹೋಗಲಿ ಎಂದು ಮಗಳು, ಅಳಿಯ ಸೇರಿ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಆಗ ಜೂಲಿಯಾಗೆ 48 ವರ್ಷ. ಆರು ಮಕ್ಕಳ ತಾಯಿ. ಇನ್ನೇನು ಮೊಮ್ಮಕ್ಕಳನ್ನು ಎತ್ತಿ ಆಡಿಸಬೇಕಾದ ವಯಸ್ಸು.

ಆಕೆ ಮಾಡಿದ್ದೇ ಬೇರೆ. ಕಲ್ಲಿದ್ದಲು ತುಂಬುತ್ತಿದ್ದ ಕೋಣೆ ಡಾರ್ಕ್‌ರೂಮ್ ಆಯಿತು. ಗಾಜಿನ ಕೋಳಿಗೂಡು ಸ್ಟುಡಿಯೋ ಆಯಿತು. ಕೋಳಿಗಳನ್ನು ಹೊರಗೆ ಬಿಟ್ಟದ್ದಾಯಿತು, ಅವನ್ನು ಯಾರೂ ತಿಂದಿರಲಾರರು ಎಂದು ತಾವು ನಂಬಿರುವುದಾಗಿ ಮುಂದೆ ತಮ್ಮ ನೆನಪಿನ ಬರಹದಲ್ಲಿ ತಮಾಷೆ ಮಾಡಿಕೊಂಡಿದ್ದಾರೆ. ಮೊಟ್ಟೆಯಿಂದ ಮಗಂದಿರಿಗೆ ಬರುತ್ತಿದ್ದ ನಾಲ್ಕು ಕಾಸು ಮಾತ್ರ ನಿಂತುಹೋಯಿತು.

ಆಗ ಫೋಟೋ ತೆಗೆಯುವುದೆಂದರೆ ಅಡುಗೆಗಿಂತ ಹೆಚ್ಚಿನ ಕೆಲಸ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟು ದ್ರವ ಸಮನಾಗಿ ಹರಿಸಬೇಕು. ಅದನ್ನು ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಬೇಕು. ಒದ್ದೆ ಇರುವಾಗಲೇ ಕ್ಯಾಮೆರಾಗೆ ಹಾಕಿ ಫೋಟೋ ತೆಗೆದು, ಒಣಗುವುದರೊಳಗೆ ಓಡಿಹೋಗಿ ತೊಳೆಯಬೇಕು. ಬಾವಿಯಿಂದ ಕೊಡಗಟ್ಟಲೆ ನೀರು ಬೇಕು. ಟ್ಯಾಂಕರ್ ನೀರಿನ ಬೆಲೆ ಗೊತ್ತಿರುವ ಇಲ್ಲಿನವರಿಗೆ ಆ ಕಷ್ಟ ಬೇರೆ ಹೇಳಬೇಕಿಲ್ಲ. ಬೆಳ್ಳಿಯ ದ್ರಾವಣ ತಾಗಿದಲ್ಲೆಲ್ಲ ಕಪ್ಪು ಕಲೆ. ಜೂಲಿಯಾ ಕೈ, ಸೀರೆಯಂತೆ ಉದ್ದದ ಗೌನು, ಊಟದ ಮೇಜಿನ ಬಟ್ಟೆ ಯಾವುದೂ ಉಳಿಯಲಿಲ್ಲ.

ಇಷ್ಟೆಲ್ಲ ಆದ ಮೇಲೆ ಎದುರಿಗೆ ಕೂತವರು ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕು. ಮೂರರಿಂದ ಏಳು ನಿಮಿಷ ಎಂದು ಹೇಳುವುದುಂಟು. ದೊಡ್ಡವರಿಗೇ ಕಷ್ಟ, ಮಕ್ಕಳ ಗತಿಯೇನು?

ಮೊದಲಿಗೆ ಒಬ್ಬ ರೈತನನ್ನು ಗಂಟೆಗೆ ಇಷ್ಟು ಎಂದು ಕೂಲಿ ಕೊಟ್ಟು ಕೂರಿಸಿದರು. ಚಿತ್ರ ಬಂತು ಎಂದು ಖುಷಿಯಲ್ಲಿ ಹಲಗೆಯ ಮೇಲೆ ಕೈ ಸವರಿಬಿಟ್ಟರು, ಚಿತ್ರ ಅಳಿಸಿಹೋಯಿತು. ಆಮೇಲೆ ಇಬ್ಬರು ಮಕ್ಕಳನ್ನು ಕೂರಿಸಿದರು. ಆಕ್ಸ್‌ಫರ್ಡ್‌ನಿಂದ ರಜೆಗೆ ಬಂದಿದ್ದ ಮಗ ಹಾರ್ಡಿಂಜ್ ಫೋಕಸ್ ಮಾಡಲು ನೆರವಾದ. ಅರ್ಧ ಆಗಿತ್ತು, ಒಂದು ಮಗು ಕಿಸಕ್ಕನೆ ನಕ್ಕುಬಿಟ್ಟಿತು. ಅಷ್ಟೇ, ಚಿತ್ರ ಹೋಯಿತು.

ಇಲ್ಲಿಂದ ಜೂಲಿಯಾ ಕಲಿತ ಮೊದಲ ಪಾಠವನ್ನು ಯಾವ ವಿಮರ್ಶಕನೂ ಹೇಳಿಕೊಟ್ಟದ್ದಲ್ಲ. ಕೆಟ್ಟ ಹಲಗೆಯೇ ಹೇಳಿಕೊಟ್ಟಿತು. ಇಬ್ಬರು ಬೇಡ, ಒಂದೇ ಮಗು ಸಾಕು. ಗದರುವುದೂ ಬೇಡ. 1864ರ ಜನವರಿ 29, ಶುಕ್ರವಾರ, ಆನಿ ಫಿಲ್‌ಪಾಟ್ ಎಂಬ ಪುಟ್ಟ ಹುಡುಗಿಯನ್ನು ಕೂರಿಸಿ, ನೀನು ಅಲುಗಿದರೆ ಪಾಪ ಈ ಆಂಟಿಯ ರಾಸಾಯನಿಕವೂ ದಂಡ, ಶ್ರಮವೂ ದಂಡ ಎಂಬರ್ಥದಲ್ಲಿ ಒಪ್ಪಿಸಿ ಹೇಳಿದರು. ಮಗು ಒಪ್ಪಿಕೊಂಡಿತು. ಮಧ್ಯಾಹ್ನ ಒಂದು ಗಂಟೆಗೆ ತೆಗೆದ ಚಿತ್ರವನ್ನು ರಾತ್ರಿ ಎಂಟರೊಳಗೆ ತಾವೇ ಪ್ರಿಂಟು ಮಾಡಿ, ಚೌಕಟ್ಟು ಹಾಕಿ ಆನಿಯ ತಂದೆಗೆ ಕೊಟ್ಟರು. ಮನೆಯೆಲ್ಲ ಓಡಾಡಿ ಮಗುವಿಗೆ ಕೊಡಲು ಉಡುಗೊರೆ ಹುಡುಕಿದರು. ಚಿತ್ರ ಮಾಡಿದ್ದು ತಾನಲ್ಲ, ಆ ಮಗುವೇ ಎಂದು ಆಕೆಗೆ ಅನಿಸಿತ್ತು. ಅದಕ್ಕೆ ತಮ್ಮ ಮೊದಲ ಯಶಸ್ಸು ಎಂದು ಹೆಸರಿಟ್ಟರು.

ಆ ಚಿತ್ರ ಈಗಲೂ ಇದೆ. ಗುಂಡಿ ಹಾಕಿದ ದಪ್ಪ ಕೋಟು, ಒಂದು ಕಡೆಯಿಂದ ಬಿದ್ದ ಬೆಳಕು, ಎತ್ತಲೋ ನೋಡುವ ಕಣ್ಣು. ನಗು ಇಲ್ಲ. ಕ್ಯಾಮೆರಾ ನೋಡುತ್ತಲೂ ಇಲ್ಲ. ಇಂದು ಯಾರಾದರೂ ಸ್ಟುಡಿಯೋದವರು ಅಂಥ ಫೋಟೋ ಕೊಟ್ಟರೆ ದುಡ್ಡು ವಾಪಸ್ ಕೇಳುವ ಅಪ್ಪಂದಿರೇ ಜಾಸ್ತಿ. ಆದರೆ ಮಗು ಹಾಗೆ ಯೋಚನೆ ಮಾಡುತ್ತಾ ಕೂತದ್ದು ಎಲ್ಲ ಮನೆಯಲ್ಲೂ ಕಂಡಿದ್ದೇ.

ಬೈದವರು, ತಿದ್ದಿದವರು

ಅದೇ ವರ್ಷ ಜೂಲಿಯಾ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ ಸೇರಿ ಚಿತ್ರಗಳನ್ನು ಪ್ರದರ್ಶನಕ್ಕೆ ಕಳಿಸಿದರು. ಫೋಟೋ ಪತ್ರಿಕೆಗಳು ಮುಗಿಬಿದ್ದವು. ಫೋಕಸ್ ಇಲ್ಲ, ಹಲಗೆಯ ಮೇಲೆ ಬೆರಳ ಗುರುತು, ಕಲೆ, ಗೀರು, ಇದನ್ನು ಹೊರಗೆ ತೋರಿಸುವುದೇ ತಪ್ಪು ಎಂಬ ಧಾಟಿ. ಅದರಲ್ಲಿ ಅರ್ಧ ನಿಜವೂ ಇತ್ತು. ಕಲೆ ಕಲೆಯೇ. ಅದನ್ನು ಈಗ ಕೆಲವರು ಕಲಾವಿದೆಯ ಗುರುತು ಎಂದು ಹೊಗಳುತ್ತಾರೆ, ಅದು ಸ್ವಲ್ಪ ಅತಿಯಾಯಿತು. ಆದರೆ ಬರೆದವರಲ್ಲಿ ಹೆಚ್ಚಿನವರು, ಏನು ಮಾಡಿದರೆ ಸರಿಹೋದೀತು ಎಂದು ಹೇಳಲಿಲ್ಲ. ಹೆಂಗಸಿನ ಕೈಗೆ ಇದು ಮೀರಿದ ಕೆಲಸ ಎಂಬ ಉಡಾಫೆಯೂ ಸೇರಿತ್ತು. ಜರ್ಮನಿಯಲ್ಲಿ ಮಾತ್ರ ಬೇರೆಯೇ ಆಯಿತು, ಬರ್ಲಿನ್ ಪ್ರದರ್ಶನದಲ್ಲಿ 1865ರಲ್ಲಿ ಕಂಚು, ಮರುವರ್ಷ ಚಿನ್ನದ ಪದಕ ಬಂತು.

ಆ ದಿನಗಳಲ್ಲೇ ಫ್ರೆಶ್‌ವಾಟರ್‌ಗೆ ಬಂದಿದ್ದರು ಲೂಯಿಸ್ ಕ್ಯಾರಲ್, ಆಲಿಸ್ ಕಥೆ ಬರೆದವರು. ಅವರೂ ಮಕ್ಕಳ ಫೋಟೋ ತೆಗೆಯುವವರೇ, ಕೂದಲೆಳೆಯೂ ಕಾಣುವಷ್ಟು ಸ್ಪಷ್ಟ. ಇಬ್ಬರೂ ತಮ್ಮ ತಮ್ಮ ಫೋಟೋ ಹರಡಿಕೊಂಡು ಕೂತರು. ಜೂಲಿಯಾ ಚಿತ್ರಗಳೆಲ್ಲ ಮಸುಕು, ಕೆಲವು ಚೆನ್ನ, ಕೆಲವು ನೋಡಲಾಗದು ಎಂದು ಕ್ಯಾರಲ್ ತಂಗಿಗೆ ಕಾಗದ ಬರೆದರು. ಕ್ಯಾರಲ್ ತೆಗೆದ ಮಕ್ಕಳನ್ನು ತಾನು ಮಸುಕಾಗಿ ತೆಗೆದಿದ್ದರೆ ಎಷ್ಟು ಚೆನ್ನಿತ್ತು ಎಂದು ಜೂಲಿಯಾ ಹೇಳಿಕೊಂಡದ್ದನ್ನೂ, ತಮಗೆ ಅದರ ಉಲ್ಟಾ ಅನಿಸಿದ್ದನ್ನೂ ಅದೇ ಕಾಗದದಲ್ಲಿ ಬರೆದರು. ಇಬ್ಬರೂ ಸೋಲಲಿಲ್ಲ, ಜಗಳವೂ ಆಗಲಿಲ್ಲ.

ಫೋಕಸ್ ವಿಷಯದಲ್ಲಿ ಜೂಲಿಯಾ ಕೊನೆಯವರೆಗೂ ಬಗ್ಗಲಿಲ್ಲ. ಲೆನ್ಸ್ ತಿರುಗಿಸುತ್ತಾ ಹೋಗುವಾಗ ಕಣ್ಣಿಗೆ ಚೆಂದ ಕಂಡ ಜಾಗದಲ್ಲೇ ನಿಲ್ಲಿಸುತ್ತಿದ್ದರು. ಬೇರೆಯವರು ಇನ್ನೂ ತಿರುಗಿಸಿ ಗೆರೆಗೆರೆ ಸ್ಪಷ್ಟ ಮಾಡುತ್ತಿದ್ದರು. ಇಂದು ಮೊಬೈಲಿನ ಪೋರ್ಟ್ರೇಟ್ ಮೋಡ್ ಹಿಂದಿನದ್ದನ್ನೆಲ್ಲ ಮಸುಕು ಮಾಡಿ ಮುಖ ಮಾತ್ರ ಎತ್ತಿ ಕೊಡುತ್ತದೆ. ಆ ಮೆದು ನೋಟ ಆಗ ಬೈಗುಳ ತಿಂದಿತ್ತು.

ಆದರೆ ಬೇರೆ ವಿಷಯಗಳಲ್ಲಿ ಆಕೆ ಕಿವಿ ಕೊಟ್ಟರು, ತಾವೇ ಹೋಗಿ ಕೇಳಿದರು. ವಿಷಕಾರಿ ಸಯನೈಡ್ ದ್ರಾವಣವನ್ನು ಬರಿಗೈ ಮೇಲೆ ಹರಿಸಿಕೊಳ್ಳುತ್ತಿದ್ದರು. ವಿಷಯ ಗೊತ್ತಾದ ಹರ್ಷೆಲ್ ಗಾಬರಿಯಾಗಿ, ದಯವಿಟ್ಟು ಹುಷಾರು ಎಂಬಂತೆ ಕಾಗದ ಬರೆದರು. 1869ರಲ್ಲಿ ಆಕೆಯ ನಲವತ್ತಕ್ಕೂ ಹೆಚ್ಚು ನೆಗೆಟಿವ್‌ಗಳ ಮೇಲೆ ಜೇಡರ ಬಲೆಯಂತೆ ಬಿರುಕು ಬಿಟ್ಟವು. ತಮ್ಮನ್ನು ಟೀಕಿಸುತ್ತಿದ್ದ ಸೊಸೈಟಿಯ ಸದಸ್ಯರ ಮುಂದೆಯೇ ಅದನ್ನು ಇಟ್ಟು, ಯಾಕೆ ಹೀಗಾಯಿತು ಎಂದು ಕೇಳಿದರು. ಅಂಗಡಿ ನಡೆಸುವವರಿಗೆ ಗೊತ್ತು, ಬೈದವನ ಹತ್ತಿರವೇ ಸಲಹೆಗೆ ಹೋಗುವುದು ಸುಲಭದ ಮಾತಲ್ಲ.

ಎಲ್ಲಕ್ಕಿಂತ ದೊಡ್ಡ ಉಪಕಾರ ಆದದ್ದು ಚಿತ್ರಕಾರ ಜಿ.ಎಫ್. ವಾಟ್ಸ್ ಅವರಿಂದ. ಅವರು ಜೂಲಿಯಾ ಅವರ ಸೋದರಿ ಸಾರಾ ಮನೆಯಲ್ಲಿ ವರ್ಷಗಟ್ಟಲೆ ಇದ್ದವರು. ಜೂಲಿಯಾ ತಮ್ಮ ಒಳ್ಳೊಳ್ಳೆ ಪ್ರಿಂಟುಗಳನ್ನು ಚೆಂದದ ಹಲಗೆಗೆ ಅಂಟಿಸಿ ಅವರಿಗೆ ಕಳಿಸುತ್ತಿದ್ದರು. ಅದನ್ನು ಕಳಿಸಬೇಡಿ ಎಂದರು ವಾಟ್ಸ್. ಮಾರಿದರೆ ನಿಮಗೆ ದುಡ್ಡು ಬರುವ ಪ್ರತಿ ನನಗೇಕೆ, ಅಂಟಿಸದ, ದೋಷ ಇರುವ ಪ್ರಿಂಟು ಕಳಿಸಿ, ಅದರಿಂದಲೂ ಅಷ್ಟೇ ಚೆನ್ನಾಗಿ ಅಳೆಯಬಲ್ಲೆ ಎಂಬುದು ಅವರ ಮಾತಿನ ಸಾರ. ಈ ಒಂದು ಮಾತು ಜೂಲಿಯಾಗೆ ಅನುಕೂಲ ಮಾಡಿಕೊಟ್ಟಿತು. ಚೆನ್ನಾಗಿರುವುದನ್ನು ತೋರಿಸಿ ಹೊಗಳಿಸಿಕೊಳ್ಳುವ ಹಂಗು ತಪ್ಪಿತು. ಗೀರು ಬಿದ್ದದ್ದು, ಮಗು ಅಲುಗಿದ್ದು, ಮೂಲೆ ಸುಲಿದದ್ದು ಎಲ್ಲ ವಾಟ್ಸ್ ಮನೆಗೆ ಹೋದವು.

ಇದರ ಫಲ 1866ರ ಚಿತ್ರಗಳಲ್ಲಿ ಕಾಣುತ್ತದೆ. ಆ ಹೊತ್ತಿಗೆ 15 ಇಂಚು ಉದ್ದ, 12 ಇಂಚು ಅಗಲದ ಗಾಜು ಹಿಡಿಸುವ ದೊಡ್ಡ ಕ್ಯಾಮೆರಾ ಬಂದಿತ್ತು. ಮಗುವಿನ ಮುಖವೇ ಚಿತ್ರದ ತುಂಬಾ, ಹೆಚ್ಚುಕಡಿಮೆ ನಿಜ ಗಾತ್ರದಲ್ಲಿ. ಹಿಂದೆ ಕಪ್ಪು ಬಟ್ಟೆ. ಬೆಳಕು ಒಂದೇ ಕಡೆಯಿಂದ. ಆಟಿಕೆ, ಹೂಕುಂಡ, ಬಣ್ಣದ ಪರದೆ ಯಾವುದೂ ಇಲ್ಲ. ಕೂತವರು ಅರಮನೆಯ ಮಕ್ಕಳಲ್ಲ. ಹತ್ತಿರದ ಕೋಟೆಯಲ್ಲಿ ತೋಪಿನ ಕೆಲಸದಲ್ಲಿದ್ದವರ ಹೆಣ್ಣುಮಕ್ಕಳಾದ ಕೇಟ್, ಎಲಿಜಬೆತ್ ಕಿಯೋನ್, ಮೀನುಗಾರರ ಹುಡುಗ ಫ್ರೆಡ್ಡಿ ಗೂಲ್ಡ್, ಇಂಥವರು. ಬೆಳಗಿನ ಹೊತ್ತು ಅಂಗಡಿಯ ಷಟರ್ ಎತ್ತಿದಾಗ ಬಾಗಿಲ ಒಳಗೆ ಬೀಳುವ ಬೆಳಕಿದೆಯಲ್ಲ, ಅಲ್ಲಿ ಮಗುವನ್ನು ಕೂರಿಸಿ ಹತ್ತಿರದಿಂದ ಫೋಟೋ ತೆಗೆದರೆ ಕೇಟ್ ಕಿಯೋನ್ ಮುಖದ ಮೇಲಿರುವ ಬೆಳಕೇ ಸಿಗುತ್ತದೆ. ಅದಕ್ಕೆ ಬಾಡಿಗೆ ಇಲ್ಲ.

ಹಂಸದ ರೆಕ್ಕೆಯ ಭಾರ

ಹಂಗಂತ ಜೂಲಿಯಾ ಎಲ್ಲದರಲ್ಲೂ ಮಕ್ಕಳ ಪರ ಇದ್ದರು ಎನ್ನುವಂತಿಲ್ಲ. ಮಕ್ಕಳನ್ನು ದೇವದೂತರಾಗಿ, ಬಾಲ ಯೇಸುವಾಗಿ ವೇಷ ಹಾಕಿಸಿ ಕೂರಿಸುವ ಹುಚ್ಚೂ ಇತ್ತು. ನಮ್ಮ ಕೃಷ್ಣ ವೇಷದಂತೆಯೇ. 1872ರಲ್ಲಿ ತಂಗಿಯ ಮೊಮ್ಮಕ್ಕಳಾದ ರೇಚಲ್, ಲಾರಾ ಗರ್ನಿ ಎಂಬ ಹುಡುಗಿಯರ ಬೆನ್ನಿಗೆ ನಿಜವಾದ ಹಂಸದ ರೆಕ್ಕೆ ಕಟ್ಟಿ ಫೋಟೋ ತೆಗೆದರು. ಲಾರಾ ದೊಡ್ಡವರಾಗಿ ನೆನಪು ಬರೆದಾಗ ಆ ರೆಕ್ಕೆಯ ಭಾರವನ್ನೂ, ಈ ಅಜ್ಜಿಯನ್ನು ಕಂಡರೆ ಆಗುತ್ತಿದ್ದ ಅಂಜಿಕೆಯನ್ನೂ ಮರೆತಿರಲಿಲ್ಲ. ಆ ಫೋಟೋಗಳಲ್ಲಿ ಮಕ್ಕಳ ಮುಖ ಅಷ್ಟೊಂದು ಚಿಂತೆಯಲ್ಲಿರುವುದಕ್ಕೆ ಕಾರಣ ಭಕ್ತಿಯಲ್ಲ, ಆ ಅಂಜಿಕೆ. ಎದುರು ಕೂತ ಮಗುವೇ ಮಾಡಿದ ಈ ವಿಮರ್ಶೆ ಬರುವಷ್ಟರಲ್ಲಿ ಜೂಲಿಯಾ ತೀರಿಕೊಂಡು ದಶಕಗಳಾಗಿದ್ದವು.

ಇದರ ಎದುರಿಗೆ ಮೇರಿ ರಯಾನ್ ಕಥೆ ಇಡಬೇಕು. ಲಂಡನ್ ಹೊರವಲಯದಲ್ಲಿ ತಾಯಿಯ ಜೊತೆ ಭಿಕ್ಷೆ ಬೇಡುತ್ತಿದ್ದ ಹುಡುಗಿ. ಜೂಲಿಯಾ ಮನೆಗೆ ಕರೆತಂದು ಓದಿಸಿದರು, ಮುಂದೆ ಮನೆಗೆಲಸವನ್ನೂ ಕೊಟ್ಟರು, ಎಷ್ಟೋ ಸಲ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಪ್ರದರ್ಶನವೊಂದರಲ್ಲಿ ಬಿಲ್ ಬರೆಯುತ್ತಾ ಕೂತಿದ್ದ ಮೇರಿಯನ್ನು ಹೆನ್ರಿ ಕಾಟನ್ ಎಂಬ ಯುವಕ ನೋಡಿದ. ಆಕೆ ಬರೆದ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡ. 1867ರಲ್ಲಿ ಮದುವೆಯಾಯಿತು. ಈ ಕಾಟನ್ ಇಂಡಿಯಾಕ್ಕೆ ಐಸಿಎಸ್ ಅಧಿಕಾರಿಯಾಗಿ ಬಂದು, ಅಸ್ಸಾಮಿನ ಮುಖ್ಯ ಕಮಿಷನರ್ ಆಗಿ, ನಿವೃತ್ತಿಯ ಮೇಲೆ 1904ರ ಬಾಂಬೆ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು.

ಲೆಕ್ಕಕ್ಕೆ ಬಂದರೆ ಜೂಲಿಯಾ ವ್ಯಾಪಾರ ಗೆಲ್ಲಲಿಲ್ಲ. ಚಿತ್ರಗಳಿಗೆ ಹಕ್ಕುಸ್ವಾಮ್ಯ ಮಾಡಿಸಿದರು, ಲಂಡನ್ನಿನ ಅಂಗಡಿಯಲ್ಲಿ ಮಾರಾಟಕ್ಕಿಟ್ಟರು. ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಕರೆಯುವ ಮ್ಯೂಸಿಯಂ 1865ರಲ್ಲೇ ಕೊಂಡಿತು, ಮೂರು ವರ್ಷದ ಮೇಲೆ ಸ್ಟುಡಿಯೋ ಮಾಡಲು ಎರಡು ಕೋಣೆಯನ್ನೂ ಕೊಟ್ಟಿತು. ಆದರೂ ಗಾಜು, ಬೆಳ್ಳಿ, ಕಾಗದದ ಖರ್ಚು ಬಂದ ದುಡ್ಡನ್ನು ನುಂಗಿತು. ಆ ಕಡೆ ಸಿಲೋನಿನ ಕಾಫಿ ಗಿಡಗಳಿಗೆ ಎಲೆ ತುಕ್ಕು ರೋಗ ಹತ್ತಿತ್ತು. ಕೊಡಗು, ಚಿಕ್ಕಮಗಳೂರಿನವರಿಗೆ ಆ ರೋಗ ಹೊಸದಲ್ಲ. ಸಿಲೋನಿನಲ್ಲಿ ಅದು ಕಾಫಿಯನ್ನೇ ಮುಗಿಸಿ, ಆ ಜಾಗಕ್ಕೆ ಟೀ ಬರುವಂತೆ ಮಾಡಿತು.

1875ರಲ್ಲಿ ಗಂಡಹೆಂಡತಿ ಇಬ್ಬರೂ ಸಿಲೋನಿಗೇ ಹೊರಟರು. ಹೋಗುವಾಗ ತಮ್ಮ ಶವಪೆಟ್ಟಿಗೆಗಳನ್ನೂ ಜೊತೆಗೆ ಒಯ್ದರು, ಅದರೊಳಗೆ ಪಿಂಗಾಣಿ ಪಾತ್ರೆ ತುಂಬಿದ್ದರು ಎಂಬ ಕಥೆ ಇದೆ. ಅಲ್ಲಿ ತೆಗೆದ ಫೋಟೋಗಳು ಉಳಿದಿರುವುದು ಕೆಲವೇ, ಹೆಚ್ಚಿನವು ತೋಟದ ಕೂಲಿಯವರದ್ದು, ಸ್ಥಳೀಯರದ್ದು. ಅವರ ಹೆಸರುಗಳನ್ನು ಆಕೆ ಬರೆದಿಡಲಿಲ್ಲ. ಕಿಯೋನ್ ಮಕ್ಕಳಿಗೆ ಸಿಕ್ಕ ಹೆಸರಿನ ಭಾಗ್ಯ ಇವರಿಗೆ ಸಿಗಲಿಲ್ಲ.

ನಮ್ಮಲ್ಲೂ ಮಕ್ಕಳ ಫೋಟೋದಿಂದ ಹೆಸರಾದವರಿದ್ದಾರೆ. ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳನ್ನು 1979ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಯುನಿಸೆಫ್ ಪ್ರದರ್ಶನಕ್ಕಿಟ್ಟಿತ್ತು. ಅವರ ಮಕ್ಕಳು ರೆಕ್ಕೆ ಕಟ್ಟಿಕೊಂಡವರಲ್ಲ, ಬೀದಿಯಲ್ಲಿ, ಶಾಲೆಯಲ್ಲಿ, ಮನೆಯಲ್ಲಿ ಹೇಗಿದ್ದರೋ ಹಾಗೆ.

ಜೂಲಿಯಾ ತೀರಿಕೊಂಡದ್ದು 1879ರ ಜನವರಿ 26ರಂದು, ಸಿಲೋನಿನ ಬೆಟ್ಟಸೀಮೆಯಲ್ಲಿ. ಮರುವರ್ಷ ಚಾರ್ಲ್ಸ್ ಹೋದರು. ಬೊಗವಂತಲಾವ ಎಂಬ ಊರಿನ ಚರ್ಚಿನ ಅಂಗಳದಲ್ಲಿ ಇಬ್ಬರ ಸಮಾಧಿಯೂ ಇದೆ, ಸುತ್ತ ಈಗ ಟೀ ತೋಟ. ವಾಟ್ಸ್‌ಗೆ ಕೊಟ್ಟಿದ್ದ ಪ್ರಿಂಟುಗಳ ಒಂದು ಕಟ್ಟು ಕೈಯಿಂದ ಕೈಗೆ ಹೋಗಿ ಕೊನೆಗೆ ಅದೇ ಲಂಡನ್ ಮ್ಯೂಸಿಯಂ ಸೇರಿದೆ. ಅದರಲ್ಲಿ ಕೆಲವಕ್ಕೆ ಬೇರೆ ಪ್ರತಿಯೇ ಇಲ್ಲ. ಚೆನ್ನಾಗಿ ಬಂದಿಲ್ಲ ಎಂದು ಜೂಲಿಯಾ ಮತ್ತೆ ಪ್ರಿಂಟು ಮಾಡದೆ ಬಿಟ್ಟಿರಬೇಕು, ತಪ್ಪು ಹೇಳಿ ಎಂದು ಗೆಳೆಯನಿಗೆ ಕಳಿಸಿದ ಪ್ರತಿಯೊಂದೇ ಉಳಿದಿದೆ.